ಹದ ಹುಡುಕುವ ವಿಜ್ಞಾನ: ಪ್ರಯೋಗಾಲಯದಲ್ಲಿ ಮಾನವ ಕೋಶಗಳ ಕೃಷಿ

ಭಾರತದಲ್ಲಿ ಕೋಟ್ಯಂತರ ಜನ ಹಾಕಿಸಿಕೊಂಡ ಕೋವಿಶೀಲ್ಡ್ ಲಸಿಕೆಯೊಳಗಿನ ವೈರಾಣು ಬೆಳೆದದ್ದು ಎಚ್‌ಇಕೆ293 ಎಂಬ ಹೆಸರಿನ ಮಾನವ ಕೋಶಗಳಲ್ಲಿ. ಹಿಮೋಫಿಲಿಯಾ ರೋಗಿಗಳಿಗೆ ಕೊಡುವ ಫ್ಯಾಕ್ಟರ್ 8 ಎಂಬ ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನಿನ ಕೆಲವು ಔಷಧಗಳೂ, ಎಳೆಯ ಮಕ್ಕಳ ಸ್ನಾಯುಗಳನ್ನು ನಿಷ್ಕ್ರಿಯಗೊಳಿಸುವ ಒಂದು ಆನುವಂಶಿಕ ಕಾಯಿಲೆಗೆ ಬಳಸುವ ಜೀನ್ ಚಿಕಿತ್ಸೆಯ ವಾಹಕ ವೈರಾಣುವೂ ಇದೇ ಬಗೆಯ ಕೋಶಗಳಲ್ಲಿ ತಯಾರಾಗುತ್ತವೆ. ದೇಹದೊಳಗಿರುವಾಗ ಕೋಶಕ್ಕೆ ಉಸಿರು ಒದಗಿಸಲು ಶ್ವಾಸಕೋಶ, ಕಸ ತೆಗೆಯಲು ಮೂತ್ರಪಿಂಡ, ಸಕ್ಕರೆಯ ಮಟ್ಟ ಕಾಯಲು ಯಕೃತ್ತು ಮತ್ತು ಮೇದೋಜೀರಕ ಗ್ರಂಥಿ ಇರುತ್ತವೆ. ಅಲ್ಲಿಂದ ಹೊರತಂದು ಗಾಜಿನ ಅಥವಾ ಪ್ಲಾಸ್ಟಿಕ್ಕಿನ ಪಾತ್ರೆಯಲ್ಲಿಟ್ಟ ಕೋಶಕ್ಕೆ ಈ ಎಲ್ಲ ಕೆಲಸಗಳನ್ನೂ ಹೊರಗಿನಿಂದಲೇ ಮಾಡಿಕೊಡಬೇಕಾಗುತ್ತದೆ. ಯಾವ ಆಹಾರ, ಎಷ್ಟು ಶಾಖ, ಎಂಥ ಗಾಳಿ, ಎಷ್ಟು ದಟ್ಟಣೆ ಎಂಬುದನ್ನು ಗೊತ್ತುಮಾಡುವ ಈ ವಿದ್ಯೆಗೆ ಜೈವಿಕ ತಂತ್ರಜ್ಞಾನದಲ್ಲಿ ಕೃಷಿ ಪರಿಸ್ಥಿತಿಗಳ ಅನುಕೂಲನವೆಂಬ ಹೆಸರಿದೆ. ಕೋಶಗಳಿಗೆ ಎಂದೆಂದಿಗೂ ಒಪ್ಪುವ ಒಂದೇ ಹದವಿದ್ದು ಅದನ್ನು ಪತ್ತೆಹಚ್ಚಿದರೆ ಸಾಕು ಎಂಬ ನಂಬಿಕೆ ಹೊರಗಿನವರಲ್ಲಿ ಸಾಮಾನ್ಯ; ಆದರೆ ಈ ಕ್ಷೇತ್ರದ ಎಪ್ಪತ್ತು ವರ್ಷಗಳ ಅನುಭವವು, ಕೋಶದಿಂದ ಏನನ್ನು ಬಯಸಲಾಗುತ್ತಿದೆ ಎಂಬುದನ್ನು ಗೊತ್ತುಮಾಡದೆ ಹದವನ್ನು ಗೊತ್ತುಮಾಡಲಾಗದು ಎಂಬುದನ್ನು ಮತ್ತೆ ಮತ್ತೆ ತೋರಿಸಿಕೊಟ್ಟಿದೆ.

ಮಾನವ ಕೋಶವೇ ಏಕೆ?

ದೇಹದಿಂದ ತೆಗೆದ ಸಾಮಾನ್ಯ ಕೋಶಗಳು ಪಾತ್ರೆಯಲ್ಲಿ ಹತ್ತಾರು ಸಲ ಇಬ್ಭಾಗವಾಗಿ ಆಮೇಲೆ ನಿಂತುಬಿಡುತ್ತವೆ ಎಂಬುದನ್ನು ಅಮೆರಿಕದ ಲಿಯೊನಾರ್ಡ್ ಹೇಫ್ಲಿಕ್ ಮತ್ತು ಪಾಲ್ ಮೂರ್‌ಹೆಡ್ 1961ರಲ್ಲಿ ಪ್ರಕಟಿಸಿದರು. ಈ ಮಿತಿಯನ್ನು ದಾಟಿ, ಪೀಳಿಗೆಯ ಮೇಲೆ ಪೀಳಿಗೆ ಬೆಳೆಯುತ್ತಲೇ ಹೋಗುವ ಕೋಶಗಳ ಸಂತತಿಯನ್ನು ಚಿರಂಜೀವಿ ಕೋಶವಂಶ ಎನ್ನಬಹುದು. ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿರುವ ಮಾತು ಸೆಲ್ ಲೈನ್. ಎಚ್‌ಇಕೆ293 ಅಂಥದೊಂದು ವಂಶ. ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ಅಲೆಕ್ಸ್ ವಾನ್ ಡೆರ್ ಎಬ್ ಅವರ ಪ್ರಯೋಗಾಲಯದಲ್ಲಿದ್ದ ಫ್ರಾಂಕ್ ಗ್ರಹಾಂ, ಗರ್ಭಪಾತದಿಂದ ದೊರೆತ ಭ್ರೂಣದ ಮೂತ್ರಪಿಂಡದ ಕೋಶಗಳಿಗೆ ಅಡಿನೊವೈರಸ್ ಎಂಬ ವೈರಾಣುವಿನ ಡಿಎನ್‌ಎ ತುಣುಕುಗಳನ್ನು 1973ರಲ್ಲಿ ಸೇರಿಸಿದರು. ಅದು ಅವರ 293ನೆಯ ಪ್ರಯೋಗವಾದ್ದರಿಂದ ಆ ಸಂಖ್ಯೆಯೇ ಹೆಸರಿನಲ್ಲಿ ಉಳಿಯಿತು. ಈ ಮೂಲದ ಬಗ್ಗೆ ನೈತಿಕ ಚರ್ಚೆ ಇಂದಿಗೂ ನಡೆಯುತ್ತಿದೆ. ವರ್ಣತಂತುವಿನೊಳಗೆ ಹೀಗೆ ಸೇರಿಕೊಂಡ ಇ1 ಎಂಬ ವೈರಾಣು ಜೀನ್‌ಗಳೇ ಈ ಕೋಶಗಳನ್ನು ಲಸಿಕೆ ತಯಾರಿಕೆಗೆ ಯೋಗ್ಯವಾಗಿಸಿವೆ: ಲಸಿಕೆಯ ಅಡಿನೊವೈರಸ್ ಮನುಷ್ಯದೇಹದಲ್ಲಿ ವೃದ್ಧಿಯಾಗದಂತೆ ಅದರ ಇ1 ಜೀನ್‌ಗಳನ್ನು ಕಿತ್ತುಹಾಕಿರುತ್ತಾರೆ, ಎಚ್‌ಇಕೆ293ರಲ್ಲಿ ಆ ಕೊರತೆ ತುಂಬಿಬರುವುದರಿಂದ ಅಲ್ಲಿ ವೈರಾಣು ಹುಲುಸಾಗಿ ಬೆಳೆಯುತ್ತದೆ.

ಪ್ರೋಟೀನ್ ಔಷಧಗಳ ಬಹುಪಾಲು ಇಂದು ಚೀನೀ ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಯ ಅಂಡಾಶಯದ ಕೋಶಗಳಲ್ಲಿ, ಅಂದರೆ ಸಿಎಚ್‌ಒ ಕೋಶಗಳಲ್ಲಿ ತಯಾರಾಗುತ್ತದೆ. ಆದರೆ ಕೋಶವು ಪ್ರೋಟೀನನ್ನು ಕಟ್ಟಿದ ಮೇಲೆ ಅದಕ್ಕೆ ಅಂಟಿಸುವ ಸಕ್ಕರೆಯ ಸರಪಳಿಗಳು ಪ್ರಾಣಿಯಿಂದ ಪ್ರಾಣಿಗೆ ಬೇರೆಯಾಗುತ್ತವೆ. ಇತರ ಹೆಚ್ಚಿನ ಸಸ್ತನಿಗಳಲ್ಲಿರುವ ಒಂದು ಬಗೆಯ ಸಿಯಾಲಿಕ್ ಆಮ್ಲವನ್ನು ತಯಾರಿಸುವ ಜೀನ್ ಮನುಷ್ಯನಲ್ಲಿ ಕೆಟ್ಟುನಿಂತಿರುವುದರಿಂದ, ಮಾನವ ಕೋಶಗಳು ತಾವಾಗಿಯೇ ಅದನ್ನು ತಯಾರಿಸಲಾರವು. ಮನುಷ್ಯನಿಗೆ ಒಗ್ಗುವ ಸಕ್ಕರೆಗಳೇ ಬೇಕೆಂದಾಗ ಮಾನವ ಕೋಶವಂಶದತ್ತ ತಿರುಗುವುದು ಸಹಜ. ಆದರೆ ಸಿಎಚ್‌ಒ ಕೋಶಗಳ ಕೃಷಿಗೆ ಕೈಗಾರಿಕೆಯಲ್ಲಿ ದಶಕಗಳ ಪಳಗಿದ ಕೈಗಳಿರುವಷ್ಟು ಮಾನವ ಕೋಶಗಳಿಗೆ ಇಲ್ಲ. ಅದಕ್ಕಾಗಿ ಅವುಗಳ ಹದವನ್ನು ಬಹುಮಟ್ಟಿಗೆ ಹೊಸದಾಗಿಯೇ ಹುಡುಕಬೇಕಾಗಿ ಬಂದಿದೆ.

ಕೋಶದ ಊಟ

1951ರಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಮಹಿಳೆಯ ಗೆಡ್ಡೆಯಿಂದ, ಅವರ ಅನುಮತಿಯನ್ನೇ ಕೇಳದೆ ತೆಗೆದ ಕೋಶಗಳನ್ನು ಜಾರ್ಜ್ ಗೈ ಬೆಳೆಸಿ ಹೇಲಾ ಎಂಬ ಮೊದಲ ಚಿರಂಜೀವಿ ಮಾನವ ಕೋಶವಂಶವನ್ನು ಪಡೆದಾಗ, ಅವರು ಕೋಶಗಳಿಗೆ ಉಣಿಸುತ್ತಿದ್ದುದು ಕೋಳಿಯ ರಕ್ತದ ಪ್ಲಾಸ್ಮಾ, ದನದ ಭ್ರೂಣದ ಸಾರ, ಹೊಕ್ಕುಳಬಳ್ಳಿಯ ರಕ್ತದ ಸೀರಂ ಮುಂತಾದವುಗಳ ಮಿಶ್ರಣವನ್ನು. ಅದರಲ್ಲಿ ಕೋಶಕ್ಕೆ ನಿಜವಾಗಿ ಬೇಕಾದದ್ದೇನು ಎಂಬುದು ಯಾರಿಗೂ ತಿಳಿದಿರಲಿಲ್ಲ. ಹ್ಯಾರಿ ಈಗಲ್ ಎಂಬ ವಿಜ್ಞಾನಿ ಒಂದೊಂದೇ ಘಟಕವನ್ನು ಬಿಟ್ಟುನೋಡುತ್ತ, ಕೋಶ ಯಾವುದಿಲ್ಲದೆ ಸಾಯುತ್ತದೆ ಎಂಬುದನ್ನು ಪಟ್ಟಿಮಾಡಿ 1955ರಲ್ಲಿ ಪ್ರಕಟಿಸಿದರು. ವಯಸ್ಕ ಮನುಷ್ಯನಿಗೆ ಆಹಾರದಿಂದಲೇ ಬರಬೇಕಾದ ಅಮೈನೋ ಆಮ್ಲಗಳು ಒಂಬತ್ತು. ಪಾತ್ರೆಯಲ್ಲಿರುವ ಕೋಶಕ್ಕಾದರೋ ಹದಿಮೂರು ಬೇಕು. ಟೈರೋಸಿನ್, ಸಿಸ್ಟೀನ್, ಅರ್ಜಿನೈನ್ ಮತ್ತು ಗ್ಲುಟಮಿನ್ ಎಂಬ ಉಳಿದ ನಾಲ್ಕನ್ನು ದೇಹದಲ್ಲಿ ಯಕೃತ್ತು, ಮೂತ್ರಪಿಂಡ, ಸ್ನಾಯುಗಳಂಥ ಅಂಗಗಳು ತಯಾರಿಸಿ ಮಿಕ್ಕ ಕೋಶಗಳಿಗೆ ಹಂಚುತ್ತವೆ, ಒಂಟಿಯಾದ ಕೋಶಕ್ಕೆ ಆ ನೆರವು ಇರುವುದಿಲ್ಲ. ಹದಿಮೂರು ಅಮೈನೋ ಆಮ್ಲ, ಬಿ ಗುಂಪಿನ ಜೀವಸತ್ವಗಳು, ಲವಣಗಳು ಮತ್ತು ಗ್ಲೂಕೋಸ್ ಸೇರಿದ ಈಗಲ್ ಅವರ ದ್ರಾವಣವೇ ಇಂದಿನ ಅನೇಕ ಪೋಷಕ ದ್ರಾವಣಗಳಿಗೆ, ಅಂದರೆ ಪ್ರಯೋಗಾಲಯದ ಮಾತಿನಲ್ಲಿ ಮೀಡಿಯಂಗಳಿಗೆ, ತಾಯಿಬೇರು.

ಈಗಲ್ ಅವರಿಗೂ ಬಿಡಲಾಗದೆ ಉಳಿದದ್ದು ಸೀರಂ. ದನದ ಭ್ರೂಣದ ರಕ್ತದಿಂದ ತೆಗೆಯುವ ಈ ದ್ರವವನ್ನು ಇಂದಿಗೂ ಅನೇಕ ಪ್ರಯೋಗಾಲಯಗಳು ಮೀಡಿಯಂಗೆ ಶೇಕಡ 10ರಷ್ಟು ಬೆರೆಸುತ್ತವೆ. ಬೆಳವಣಿಗೆಯ ಪ್ರಚೋದಕಗಳು, ಕಬ್ಬಿಣ ಸಾಗಿಸುವ ಪ್ರೋಟೀನ್, ಕೊಬ್ಬು, ಹಾರ್ಮೋನು ಎಲ್ಲವೂ ಅದರಲ್ಲಿವೆ. ಆದರೆ ಒಂದು ಕಂತಿನ ಸೀರಂ ಇನ್ನೊಂದರಂತಿರುವುದಿಲ್ಲವಾದ್ದರಿಂದ ಫಲಿತಾಂಶವೂ ಕಂತಿನಿಂದ ಕಂತಿಗೆ ಬದಲಾಗುತ್ತದೆ, ಪ್ರಾಣಿಯ ಸೋಂಕು ಔಷಧಕ್ಕೆ ದಾಟುವ ಭಯವಿರುತ್ತದೆ, ಬೆಲೆಯೂ ದುಬಾರಿ. 1970ರ ದಶಕದಲ್ಲಿ ಗಾರ್ಡನ್ ಸಾಟೊ ಅವರ ತಂಡ, ಸೀರಂನ ಕೆಲಸವನ್ನು ಗೊತ್ತಾದ ಕೆಲವೇ ಹಾರ್ಮೋನು ಮತ್ತು ಪ್ರೋಟೀನುಗಳಿಂದ ಮಾಡಿಸಬಹುದೆಂದು ತೋರಿಸಿತು. ಇನ್ಸುಲಿನ್, ಟ್ರಾನ್ಸ್‌ಫೆರಿನ್ ಮತ್ತು ಸೆಲೆನಿಯಂ ಎಂಬ ತ್ರಿವಳಿ ಇಂದು ಸೀರಂರಹಿತ ಮೀಡಿಯಂಗಳ ಸಾಮಾನ್ಯ ಅಡಿಪಾಯವಾಗಿದೆ. ಔಷಧ ತಯಾರಿಕೆಯಲ್ಲಿ ಎಚ್‌ಇಕೆ293 ಕೋಶಗಳನ್ನು ಬೆಳೆಸುವುದು ಹೆಚ್ಚಾಗಿ ಇಂಥ ದ್ರಾವಣಗಳಲ್ಲಿಯೇ.

ಆಹಾರ ಹೆಚ್ಚಾದರೆ ಬೆಳವಣಿಗೆಯೂ ಹೆಚ್ಚುತ್ತದೆಂಬ ಲೆಕ್ಕ ಇಲ್ಲಿ ನಿಲ್ಲುವುದಿಲ್ಲ. ಗ್ಲೂಕೋಸ್ ಧಾರಾಳವಾಗಿ ಸಿಕ್ಕಾಗ ಚಿರಂಜೀವಿ ಕೋಶಗಳು ಅದನ್ನು ಪೂರ್ತಿ ಉರಿಸದೆ ಲ್ಯಾಕ್ಟಿಕ್ ಆಮ್ಲವಾಗಿ ಹೊರಚೆಲ್ಲುತ್ತವೆ, ಅದರಿಂದ ದ್ರಾವಣ ಹುಳಿಯಾಗುತ್ತದೆ. ಗ್ಲುಟಮಿನ್ ಕೋಶಕ್ಕೆ ಅತ್ಯಂತ ಪ್ರಿಯವಾದ ಅಮೈನೋ ಆಮ್ಲ, ಆದರೆ ಅದು ಉಪಯೋಗವಾದಾಗಲೂ, 37 ಡಿಗ್ರಿಯಲ್ಲಿ ಸುಮ್ಮನಿದ್ದು ಕೊಳೆತಾಗಲೂ ಅಮೋನಿಯವನ್ನು ಬಿಡುತ್ತದೆ. ದೇಹದಲ್ಲಾದರೆ ಯಕೃತ್ತು ಅದನ್ನು ಯೂರಿಯವಾಗಿಸಿ ಕಳಿಸುತ್ತಿತ್ತು, ಪಾತ್ರೆಯಲ್ಲಿ ಅದು ಸೇರುತ್ತಲೇ ಹೋಗಿ ಬೆಳವಣಿಗೆಯನ್ನು ತಡೆಯುವುದಲ್ಲದೆ ಪ್ರೋಟೀನಿಗೆ ಸಕ್ಕರೆ ಅಂಟುವ ಕ್ರಮವನ್ನೂ ಕೆಡಿಸುತ್ತದೆ. ಅದಕ್ಕಾಗಿಯೇ ಗ್ಲುಟಮಿನ್ನನ್ನು ಅಲನಿನ್ ಜತೆ ಜೋಡಿಸಿದ, ಕೊಳೆಯದ ರೂಪದಲ್ಲಿ ಕೊಡುವುದು, ಅಥವಾ ಎಲ್ಲವನ್ನೂ ಮೊದಲೇ ಸುರಿಯದೆ ಬೇಕಾದಾಗ ಬೇಕಾದಷ್ಟೇ ಉಣಿಸುವುದು ರೂಢಿಯಾಗಿದೆ.

ಗಾಳಿ, ಹುಳಿ, ಶಾಖ

ಕೋಶಗಳನ್ನಿಡುವ ಇನ್‌ಕ್ಯುಬೇಟರಿನಲ್ಲಿ ಶಾಖ 37 ಡಿಗ್ರಿ ಸೆಲ್ಸಿಯಸ್, ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಶೇಕಡ 5, ತೇವ ಸಾಧ್ಯವಾದಷ್ಟು ಹೆಚ್ಚು ಎಂಬುದು ಎಲ್ಲೆಡೆಯ ಆರಂಭದ ಸೂತ್ರ. ಇಂಗಾಲದ ಡೈಆಕ್ಸೈಡ್ ಬೇಕಾಗುವುದು ಕೋಶದ ಉಸಿರಿಗಾಗಿ ಅಲ್ಲ; ಮೀಡಿಯಂನಲ್ಲಿ ಕರಗಿರುವ ಸೋಡಿಯಂ ಬೈಕಾರ್ಬೊನೇಟಿನೊಡನೆ ಸಮತೋಲಕ್ಕೆ ಬಂದು ದ್ರಾವಣದ ಪಿಎಚ್ ಅನ್ನು, ಅಂದರೆ ಹುಳಿ-ಕ್ಷಾರಗಳ ಅಳತೆಯನ್ನು, 7.2ರಿಂದ 7.4ರ ನಡುವೆ ಹಿಡಿದಿಡುವುದು ಅದರ ಕೆಲಸ. ಮೀಡಿಯಂಗೆ ಬೆರೆಸಿದ ಫೀನಾಲ್ ರೆಡ್ ಎಂಬ ಬಣ್ಣ ಈ ಸ್ಥಿತಿಯನ್ನು ಕಣ್ಣಿಗೆ ಕಾಣಿಸುತ್ತದೆ: ಹದದಲ್ಲಿರುವ ದ್ರಾವಣ ಕೆಂಪಗಿರುತ್ತದೆ, ಕೋಶಗಳು ಕಿಕ್ಕಿರಿದು ಆಮ್ಲ ಸುರಿಸಿದಾಗ ಕಿತ್ತಳೆಗೆ, ಆಮೇಲೆ ಹಳದಿಗೆ ತಿರುಗುತ್ತದೆ, ಮುಚ್ಚಳ ಸಡಿಲಿಸಿ ಮೇಜಿನ ಮೇಲೆ ಮರೆತುಬಿಟ್ಟ ಬಾಟಲಿಯಲ್ಲಿ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ನೇರಳೆ ಛಾಯೆಯ ಗುಲಾಬಿಯಾಗುತ್ತದೆ.

ಶೇಕಡ 5 ಎಂಬ ಅಂಕಿ ಎಲ್ಲ ಮೀಡಿಯಂಗೂ, ಎಲ್ಲ ಊರಿಗೂ ಒಂದೇ ಅರ್ಥ ಕೊಡುವುದಿಲ್ಲ. ಈಗಲ್ ಅವರ ದ್ರಾವಣವನ್ನು ರೆನಾಟೊ ಡಲ್ಬೆಕೊ ಬದಲಿಸಿ ರೂಪಿಸಿದ ಡಿಎಂಇಎಂ ಎಂಬ ಮೀಡಿಯಂನಲ್ಲಿ ಲೀಟರಿಗೆ 3.7 ಗ್ರಾಂ ಬೈಕಾರ್ಬೊನೇಟ್ ಇರುವುದರಿಂದ ಅದಕ್ಕೆ ಸರಿಹೊಂದುವುದು ಶೇಕಡ 10ರಷ್ಟು ಇಂಗಾಲದ ಡೈಆಕ್ಸೈಡ್. ಶೇಕಡ 5ರಲ್ಲಿ ಅದು ಕ್ಷಾರದ ಕಡೆಗೇ ವಾಲಿರುತ್ತದೆ. ದ್ರಾವಣದಲ್ಲಿ ಕರಗುವ ಅನಿಲದ ಪ್ರಮಾಣ ಶೇಕಡಾವಾರಿಗಿಂತ ಆ ಅನಿಲದ ಒತ್ತಡವನ್ನು ಅವಲಂಬಿಸಿರುವುದರಿಂದ, ಕಡಲಮಟ್ಟದ ಮಂಗಳೂರಿಗೂ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿಗೂ ನಡುವೆ, ಗಾಳಿಯ ಒತ್ತಡ ಹತ್ತರಲ್ಲೊಂದು ಪಾಲಿನಷ್ಟು ಕಡಿಮೆಯಾಗುವ ಕಾರಣಕ್ಕೆ, ಅದೇ ಶೇಕಡ 5ರಲ್ಲಿ ಪಿಎಚ್ ಸುಮಾರು 0.05ರಷ್ಟು ವ್ಯತ್ಯಾಸವಾಗುತ್ತದೆ. ಇದು ಚಿಕ್ಕ ಅಂಕಿ, ದಿನನಿತ್ಯದ ಕೃಷಿಯಲ್ಲಿ ಯಾರೂ ಗಮನಿಸದೇ ಹೋಗಬಹುದು. ಆದರೆ ಪುಸ್ತಕದ ಅಂಕಿಯನ್ನು ನಕಲುಮಾಡುವುದಕ್ಕೂ ಕೋಶದ ಸುತ್ತ ನಿಜವಾಗಿ ಏನಿದೆಯೆಂದು ಅಳೆಯುವುದಕ್ಕೂ ಇರುವ ಅಂತರವನ್ನು ಅದು ತಿಳಿಸುತ್ತದೆ.

ಆಮ್ಲಜನಕದ ವಿಷಯದಲ್ಲಿ ಈ ಅಂತರ ಇನ್ನೂ ದೊಡ್ಡದು. ಹೊರಗಿನ ಗಾಳಿಯಲ್ಲಿ ಶೇಕಡ 21ರಷ್ಟು ಆಮ್ಲಜನಕವಿದ್ದರೂ ದೇಹದ ಬಹುತೇಕ ಅಂಗಾಂಶಗಳೊಳಗೆ ಇರುವುದು ಅದರ ಮೂರರಲ್ಲೊಂದು ಪಾಲೋ ಇನ್ನೂ ಕಡಿಮೆಯೋ. ಗಾಳಿಯ ಮಟ್ಟದ ಆಮ್ಲಜನಕವನ್ನು ತಗ್ಗಿಸಿದರೆ ಮಾನವ ಕೋಶಗಳು ಹೆಚ್ಚು ಪೀಳಿಗೆಗಳ ಕಾಲ ಇಬ್ಭಾಗವಾಗುತ್ತವೆಂದು ಲೆಸ್ಟರ್ ಪ್ಯಾಕರ್ ಮತ್ತು ಕರ್ಟ್ ಫ್ಯೂರ್ 1977ರಲ್ಲಿಯೇ ವರದಿಮಾಡಿದ್ದರು. ಕಾಂಡಕೋಶಗಳಂಥ ಸೂಕ್ಷ್ಮ ಕೋಶಗಳನ್ನು ಇಂದು ಸಾಮಾನ್ಯವಾಗಿ ಶೇಕಡ 5ರ ಆಸುಪಾಸಿನ ಆಮ್ಲಜನಕದಲ್ಲಿ ಬೆಳೆಸುವುದುಂಟು, ಗಡುಸಾದ ಎಚ್‌ಇಕೆ293ಕ್ಕಾದರೆ ಆ ವೆಚ್ಚದ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ.

ಬೆಳೆಯುವುದು ಬೇರೆ, ಫಲ ಕೊಡುವುದು ಬೇರೆ

ಎಚ್‌ಇಕೆ293 ಕೋಶಗಳಲ್ಲಿ ಅಡಿನೊವೈರಸ್ ಬೆಳೆಸುವವರಿಗೆ ಚೆನ್ನಾಗಿ ಪರಿಚಯವಿರುವ ಒಂದು ತೊಡಕಿದೆ. ಹೆಚ್ಚು ಕೋಶಗಳಿದ್ದರೆ ಹೆಚ್ಚು ವೈರಾಣು ಸಿಗಬೇಕಷ್ಟೆ. ಆದರೆ ಮಿಲಿಲೀಟರಿಗೆ ಸುಮಾರು ಹತ್ತು ಲಕ್ಷ ಕೋಶಗಳ ದಟ್ಟಣೆಯನ್ನು ದಾಟಿದ ಮೇಲೆ ಸೋಂಕು ಹಾಕಿದರೆ ಪ್ರತಿ ಕೋಶ ಕೊಡುವ ವೈರಾಣು ಇಳಿಯತೊಡಗುತ್ತದೆ, ಕೋಶಗಳು ನೋಡಲು ಆರೋಗ್ಯವಾಗಿಯೇ ಇದ್ದರೂ. ಸೋಂಕಿನ ಹೊತ್ತಿಗೆ ಮೀಡಿಯಂ ಬದಲಿಸಿದರೆ ಇಳುವರಿ ಬಹುಮಟ್ಟಿಗೆ ಮರಳುವುದರಿಂದ, ಪೋಷಕಗಳು ಬರಿದಾಗುವುದು ಮತ್ತು ಕಸ ಸೇರುವುದು ಇದಕ್ಕೆ ಕಾರಣವೆಂದು ತಿಳಿಯಲಾಗಿದೆ. ಶಾಖದ ಮಾತೂ ಹೀಗೆಯೇ: ಸಿಎಚ್‌ಒ ಕೋಶಗಳನ್ನು 37 ಡಿಗ್ರಿಯಲ್ಲಿ ಬೆಳೆಸಿ, ಆಮೇಲೆ 30ರಿಂದ 33 ಡಿಗ್ರಿಗೆ ಇಳಿಸಿದರೆ ಅವು ಇಬ್ಭಾಗವಾಗುವುದು ನಿಧಾನವಾಗುತ್ತದೆ, ಆದರೆ ಹೆಚ್ಚು ದಿನ ಬದುಕಿ ಅನೇಕ ಸಂದರ್ಭಗಳಲ್ಲಿ ಹೆಚ್ಚು ಪ್ರೋಟೀನ್ ಕೊಡುತ್ತವೆ. ದೇಹದ ಪರಿಸ್ಥಿತಿಯೇ ಸದಾ ಶ್ರೇಷ್ಠವೆಂಬ ಊಹೆಯೂ ಸುಳ್ಳಾಗುವುದುಂಟು, ಪಿಎಚ್ 6.6ರ ಸಮೀಪಕ್ಕೆ ಇಳಿದಾಗ ಎಚ್‌ಇಕೆ293 ಕೋಶಗಳು ತಾವೇ ಚೆಲ್ಲಿದ ಲ್ಯಾಕ್ಟಿಕ್ ಆಮ್ಲವನ್ನು ಗ್ಲೂಕೋಸಿನ ಜತೆಗೇ ಮರಳಿ ತಿನ್ನಬಲ್ಲವೆಂದು ಸಂಶೋಧಕರು ಕಂಡುಕೊಂಡಿದ್ದಾರೆ.

ಒಂದು ಘಟಕದ ಹದ ಇನ್ನೊಂದನ್ನು ಅವಲಂಬಿಸಿರುವುದು ಈ ವಿದ್ಯೆಯ ನಿಜವಾದ ಕಷ್ಟ. ಸಾರಿಗೆ ಎಷ್ಟು ಉಪ್ಪು ಬೇಕೆಂಬುದನ್ನು ಹುಳಿ ಎಷ್ಟಿದೆಯೆಂದು ತಿಳಿಯದೆ ಹೇಳಲಾಗದಂತೆ, ಇಲ್ಲಿಯೂ ಒಂದನ್ನು ಬಿಡಿಸಿ ನೋಡಲಾಗದು. ಇದಕ್ಕೆ ಉದಾಹರಣೆಯಾಗಿ ಎಚ್‌ಇಕೆ293ರ ಮುದ್ದೆಗಟ್ಟುವ ಚಾಳಿಯನ್ನೇ ನೋಡಬಹುದು. ಮೂಲತಃ ತಳಕ್ಕೆ ಅಂಟಿ ಬೆಳೆಯುವ ಈ ಕೋಶಗಳನ್ನು ದೊಡ್ಡ ತೊಟ್ಟಿಯಲ್ಲಿ ತೇಲಿಸಿ ಬೆಳೆಸುವಾಗ ಅವು ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ. ಅಂಟಿಗೆ ಕ್ಯಾಲ್ಸಿಯಂ ಬೇಕಾಗುವುದರಿಂದ ಮೀಡಿಯಂನಲ್ಲಿ ಅದನ್ನು ಕಡಿಮೆ ಮಾಡುತ್ತಾರೆ, ಸಾಲದಾದರೆ ಹೆಪಾರಿನ್ ಅಥವಾ ಡೆಕ್ಸ್‌ಟ್ರಾನ್ ಸಲ್ಫೇಟ್ ಎಂಬ ಋಣ ವಿದ್ಯುದಂಶದ ವಸ್ತುವನ್ನು ಬೆರೆಸುತ್ತಾರೆ; ಮುದ್ದೆ ಒಡೆದು ಕೋಶಗಳು ಬಿಡಿಬಿಡಿಯಾಗಿ ಸೊಗಸಾಗಿ ಬೆಳೆಯುತ್ತವೆ. ಆದರೆ ಮುಂದಿನ ಹಂತದಲ್ಲಿ ಕೋಶದೊಳಕ್ಕೆ ಹೊಸ ಡಿಎನ್‌ಎ ತಲುಪಿಸಬೇಕಾದಾಗ, ಅದನ್ನು ಹೊತ್ತೊಯ್ಯುವ ಪಿಇಐ ಎಂಬ ಧನ ವಿದ್ಯುದಂಶದ ಪಾಲಿಮರ್‌ಗೆ ಇದೇ ವಸ್ತು ಅಂಟಿಕೊಂಡು ಡಿಎನ್‌ಎ ಒಳಹೋಗುವುದನ್ನು ತಡೆಯುತ್ತದೆ. ಬೆಳವಣಿಗೆಯನ್ನಷ್ಟೇ ಅಳೆದವರಿಗೆ ಅತ್ಯುತ್ತಮವಾಗಿ ಕಂಡ ಮೀಡಿಯಂ, ಉತ್ಪಾದನೆಯ ಮೇಜಿಗೆ ಬಂದಾಗ ಕೈಕೊಡುತ್ತದೆ.

ಹೊಲದಿಂದ ಬಂದ ಲೆಕ್ಕಾಚಾರ

ಇಂಥ ಒಳಸಂಬಂಧಗಳಿರುವಾಗ ಉಳಿದೆಲ್ಲವನ್ನು ಹಾಗೆಯೇ ಇಟ್ಟು ಒಂದೊಂದನ್ನೇ ಬದಲಿಸಿ ನೋಡುವ ಹಳೆಯ ಕ್ರಮ ದಾರಿ ತಪ್ಪಿಸುತ್ತದೆ. ಎಲ್ಲ ಜೋಡಣೆಗಳನ್ನೂ ಪರೀಕ್ಷಿಸುವೆನೆಂದರೆ ಮುಗಿಯುವುದೇ ಇಲ್ಲ. ಹನ್ನೊಂದು ಘಟಕಗಳು, ಪ್ರತಿಯೊಂದಕ್ಕೂ ಹೆಚ್ಚು-ಕಡಿಮೆ ಎಂಬ ಎರಡೇ ಮಟ್ಟಗಳು ಎಂದುಕೊಂಡರೂ 2048 ಪ್ರಯೋಗಗಳು ಬೇಕು. ಬಿಡುಗಡೆಯ ದಾರಿ ತೆರೆದದ್ದು ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನ ಕೇಂದ್ರದ ಹೊಲಗಳಲ್ಲಿ; ಗೊಬ್ಬರ ಮತ್ತು ತಳಿಗಳ ಪರಿಣಾಮವನ್ನು ಒಟ್ಟೊಟ್ಟಿಗೆ ಬದಲಿಸಿಯೂ ಬೇರೆಬೇರೆಯಾಗಿ ಅಳೆಯುವ ವಿಧಾನವನ್ನು ರೊನಾಲ್ಡ್ ಫಿಷರ್ ಅಲ್ಲಿ ರೂಪಿಸಿ, ಪ್ರಯೋಗಗಳ ವಿನ್ಯಾಸದ ಬಗೆಗಿನ ತಮ್ಮ ಗ್ರಂಥವನ್ನು 1935ರಲ್ಲಿ ಹೊರತಂದರು. 1946ರಲ್ಲಿ ಪ್ಲಾಕೆಟ್ ಮತ್ತು ಬರ್ಮನ್ ಕೊಟ್ಟ ಒಂದು ವಿನ್ಯಾಸದಲ್ಲಿ ಆ ಹನ್ನೊಂದು ಘಟಕಗಳ ಮುಖ್ಯ ಪರಿಣಾಮಗಳನ್ನು ಹನ್ನೆರಡೇ ಪ್ರಯೋಗಗಳಿಂದ ಅಂದಾಜಿಸಬಹುದು. ಅದೇ ದಶಕದಲ್ಲಿ ಸಿ. ಆರ್. ರಾವ್ ಲಂಬೀಯ ಸರಣಿಗಳೆಂಬ ಕೋಷ್ಟಕಗಳ ಸಿದ್ಧಾಂತವನ್ನು ಕಟ್ಟಿದರು. ಯಾವ ಎರಡು ಘಟಕಗಳನ್ನು ತೆಗೆದುಕೊಂಡರೂ ಅವುಗಳ ಮಟ್ಟಗಳ ಎಲ್ಲ ಜೋಡಿಗಳೂ ಸಮಾನ ಸಲ ಬರುವಂತೆ ಈ ಕೋಷ್ಟಕಗಳು ಇರುವುದರಿಂದ, ಮೂರು ಮಟ್ಟಗಳ ನಾಲ್ಕು ಘಟಕಗಳನ್ನು 81ರ ಬದಲು 9 ಪ್ರಯೋಗಗಳಲ್ಲಿ ತೂಗಿನೋಡಬಹುದು. ಈ ರಾವ್ ಹುಟ್ಟಿದ್ದು 1920ರಲ್ಲಿ, ಇಂದಿನ ವಿಜಯನಗರ ಜಿಲ್ಲೆಯ ಹೂವಿನಹಡಗಲಿಯಲ್ಲಿ. ಮುಂದೆ ಕೇಂಬ್ರಿಜ್‌ನಲ್ಲಿ ಫಿಷರ್ ಅವರ ಬಳಿಯೇ ಡಾಕ್ಟರೇಟ್ ಪಡೆದರು.

ಮೀಡಿಯಂ ರೂಪಿಸುವ ಕೆಲಸ ಇಂದು ಎರಡು ಹೆಜ್ಜೆಗಳಲ್ಲಿ ಸಾಗುತ್ತದೆ. ಮೊದಲು ಇಂಥ ಮಿತವ್ಯಯದ ವಿನ್ಯಾಸದಿಂದ ಹತ್ತಾರು ಘಟಕಗಳಲ್ಲಿ ನಿಜವಾಗಿ ಲೆಕ್ಕಕ್ಕೆ ಬರುವ ಮೂರು-ನಾಲ್ಕನ್ನು ಜರಡಿ ಹಿಡಿಯುತ್ತಾರೆ. ಆಮೇಲೆ ಅವುಗಳ ಮೂರು ಇಲ್ಲವೆ ಐದು ಮಟ್ಟಗಳನ್ನು ಪರೀಕ್ಷಿಸಿ, ಇಳುವರಿಯ ಏರಿಳಿತವನ್ನು ಗಣಿತದ ಮೂಲಕ ನಕಾಶೆಯಂತೆ ಬರೆಯುತ್ತಾರೆ. 1951ರಲ್ಲಿ ಜಾರ್ಜ್ ಬಾಕ್ಸ್ ಮತ್ತು ವಿಲ್ಸನ್ ರಾಸಾಯನಿಕ ಕೈಗಾರಿಕೆಗಾಗಿ ಕೊಟ್ಟ ಎರಡನೆಯ ಹೆಜ್ಜೆಯ ಈ ವಿಧಾನ, ಒಂದು ಘಟಕದ ಹದ ಇನ್ನೊಂದರ ಜತೆ ಹೇಗೆ ಸರಿಯುತ್ತದೆಂಬುದನ್ನು ಕಣ್ಣಿಗೆ ಕಾಣಿಸುತ್ತದೆ.

ಬಾಟಲಿಯಿಂದ ತೊಟ್ಟಿಗೆ

ಚಿಕ್ಕ ಬಾಟಲಿಯಲ್ಲಿ ಕಂಡುಕೊಂಡ ಹದ ಸಾವಿರಾರು ಲೀಟರಿನ ಬಯೋರಿಯಾಕ್ಟರಿಗೆ, ಅಂದರೆ ಕೋಶ ಬೆಳೆಸುವ ಕೈಗಾರಿಕಾ ತೊಟ್ಟಿಗೆ, ಹಾಗೆಯೇ ಒಪ್ಪುವುದಿಲ್ಲ. 37 ಡಿಗ್ರಿಯಲ್ಲಿ ಒಂದು ಲೀಟರ್ ಮೀಡಿಯಂ ಗಾಳಿಯಿಂದ ಹಿಡಿದಿಡಬಲ್ಲ ಆಮ್ಲಜನಕ ಸುಮಾರು 7 ಮಿಲಿಗ್ರಾಂ ಮಾತ್ರ. ಮಿಲಿಲೀಟರಿಗೆ ಹತ್ತು ಲಕ್ಷ ಕೋಶಗಳಿದ್ದರೆ ಅದು ಒಂದು ಗಂಟೆಯ ಆಸುಪಾಸಿನಲ್ಲಿ, ಕೋಟಿ ಕೋಶಗಳಿದ್ದರೆ ಕೆಲವೇ ನಿಮಿಷಗಳಲ್ಲಿ ಬರಿದಾಗುತ್ತದೆ. ಆದ್ದರಿಂದ ತೊಟ್ಟಿಯ ತಳದಿಂದ ಗುಳ್ಳೆಗಳನ್ನು ಬಿಡಬೇಕು, ರೆಕ್ಕೆಗಳಿಂದ ಕದಡಬೇಕು. ಆದರೆ ಗುಳ್ಳೆ ಮೇಲ್ಮೈಯಲ್ಲಿ ಒಡೆಯುವಾಗ ಅದಕ್ಕೆ ಅಂಟಿದ ಕೋಶ ಹರಿದುಹೋಗುತ್ತದೆ. ಅದನ್ನು ತಡೆಯಲು ಪ್ಲುರೋನಿಕ್ ಎಫ್-68 ಎಂಬ ಪಾಲಿಮರನ್ನು ಬೆರೆಸುತ್ತಾರೆ. ಗುಳ್ಳೆಗಳನ್ನು ಕಡಿಮೆ ಮಾಡಿ ಶುದ್ಧ ಆಮ್ಲಜನಕ ಕೊಟ್ಟರೆ ಕೋಶಗಳು ಉಸಿರಾಡಿದ ಇಂಗಾಲದ ಡೈಆಕ್ಸೈಡನ್ನು ಹೊರಗೊಯ್ಯಲು ಬೇಕಾದಷ್ಟು ಗುಳ್ಳೆಗಳಿರದೆ ಅದು ಶೇಖರವಾಗುತ್ತದೆ, ಪಿಎಚ್ ಸರಿಪಡಿಸಲೆಂದು ಕ್ಷಾರ ಸುರಿದರೆ ದ್ರಾವಣದ ಅಭಿಸರಣ ಒತ್ತಡ ಏರಿ ಕೋಶಗಳು ಬಳಲುತ್ತವೆ. ಒಂದನ್ನು ಎಳೆದರೆ ಇನ್ನೊಂದು ಬಿಗಿಯುವ ಈ ಗಂಟನ್ನು ಬಿಡಿಸುವುದರಲ್ಲಿಯೇ ಉತ್ಪಾದನಾ ಇಂಜಿನಿಯರುಗಳ ಜಾಣ್ಮೆ ಇದೆ.

ನಿಷ್ಠೆಯ ಪ್ರಶ್ನೆ

ಕೋಶಗಳನ್ನು ಔಷಧ ತಯಾರಿಸಲು ಮಾತ್ರವಲ್ಲದೆ ಔಷಧ ಪರೀಕ್ಷಿಸಲೂ ಬೆಳೆಸುತ್ತಾರೆ. ಅಲ್ಲಿ ಬೇಕಾದದ್ದು ಇಳುವರಿಗಿಂತ ಹೆಚ್ಚಾಗಿ ಮನುಷ್ಯದೇಹದಲ್ಲಿ ನಡೆಯುವುದಕ್ಕೆ ನಿಷ್ಠೆ. ಜೇಸನ್ ಕ್ಯಾಂಟರ್ ಮತ್ತು ಸಂಗಡಿಗರು ಮಾನವ ರಕ್ತದ ಪ್ಲಾಸ್ಮಾವನ್ನು ಹೋಲುವ ಮೀಡಿಯಂ ಒಂದನ್ನು ರೂಪಿಸಿ 2017ರಲ್ಲಿ ಪ್ರಕಟಿಸಿದಾಗ, ಹಳೆಯ ಮೀಡಿಯಂಗಳಲ್ಲಿಲ್ಲದ, ಆದರೆ ಮನುಷ್ಯನ ರಕ್ತದಲ್ಲಿ ಯಥೇಚ್ಛವಾಗಿರುವ ಯೂರಿಕ್ ಆಮ್ಲವು ಡಿಎನ್‌ಎ ಘಟಕಗಳನ್ನು ಕಟ್ಟುವ ಒಂದು ಕಿಣ್ವವನ್ನು ತಡೆದು, 5-ಫ್ಲೂರೊಯುರಾಸಿಲ್ ಎಂಬ ಕ್ಯಾನ್ಸರ್ ಔಷಧಕ್ಕೆ ಕೋಶಗಳು ಅಷ್ಟಾಗಿ ಮಣಿಯದಂತೆ ಮಾಡುವುದು ಕಂಡುಬಂತು. ಹಳೆಯ ಮೀಡಿಯಂನಲ್ಲಿ ಕೋಶಗಳು ಸೊಗಸಾಗಿಯೇ ಬೆಳೆಯುತ್ತಿದ್ದವು, ಆದರೆ ಔಷಧದ ಬಗ್ಗೆ ಅವು ಹೇಳುತ್ತಿದ್ದ ಸಾಕ್ಷ್ಯ ಅಪೂರ್ಣವಾಗಿತ್ತು.

ಪಾತ್ರೆಯಲ್ಲಿರುವ ಕೋಶ ಹೆಸರು ಹೇಳಿದ ಕೋಶವೇ ಹೌದೇ ಎಂಬುದೂ ಇದೇ ನಿಷ್ಠೆಯ ಭಾಗ. 1960ರ ದಶಕದಲ್ಲಿ ಸ್ಟ್ಯಾನ್ಲಿ ಗಾರ್ಟ್ಲರ್, ಬೇರೆಬೇರೆ ಅಂಗಗಳದ್ದೆಂದು ಬಳಕೆಯಲ್ಲಿದ್ದ ಹಲವು ಕೋಶವಂಶಗಳು ವಾಸ್ತವದಲ್ಲಿ ಹೇಲಾ ಕೋಶಗಳೇ ನುಸುಳಿ ಆಕ್ರಮಿಸಿದವು ಎಂಬುದನ್ನು ಕಿಣ್ವಗಳ ಗುರುತಿನಿಂದ ಬಯಲಿಗೆಳೆದರು; ಇಂದು ಡಿಎನ್‌ಎ ಬೆರಳಚ್ಚಿನಂಥ ಪರೀಕ್ಷೆಯಿಂದ ಕೋಶದ ಗುರುತನ್ನು ದೃಢಪಡಿಸಿಕೊಳ್ಳುತ್ತಾರೆ. ಮೈಕೊಪ್ಲಾಸ್ಮಾ ಎಂಬ ಸೂಕ್ಷ್ಮಾಣು ಇನ್ನೂ ಕಪಟಿ: ಕೋಶಭಿತ್ತಿಯಿಲ್ಲದ್ದರಿಂದ ಪೆನಿಸಿಲಿನ್‌ಗೆ ಸಾಯದು, ಸಾಮಾನ್ಯ ಸೋಸುಪೊರೆಯಲ್ಲಿ ನುಸುಳಬಲ್ಲದು, ದ್ರಾವಣವನ್ನು ಕಲಕಾಗಿಸದೆ ಪೋಷಕಗಳನ್ನು ಮಾತ್ರ ಕದ್ದು ತಿನ್ನುತ್ತದೆ. ಅದು ಹೊಕ್ಕಿರುವ ಕೋಶಗಳ ಮೇಲೆ ನಡೆಸಿದ ಹದದ ಲೆಕ್ಕಾಚಾರವೆಲ್ಲ ವ್ಯರ್ಥ. ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದಂಥ ಭಂಡಾರಗಳಿಂದ ಕೋಶಗಳನ್ನು ತರಿಸುವುದಕ್ಕೂ, ಪಕ್ಕದ ಪ್ರಯೋಗಾಲಯದಿಂದ ಒಂದು ಸೀಸೆ ಎರವಲು ಪಡೆಯುವುದಕ್ಕೂ ಇರುವ ಅಂತರ ಇಷ್ಟರಿಂದ ತಿಳಿಯುತ್ತದೆ.

ಔಷಧ ನಿಯಂತ್ರಕರ ಅಂತರರಾಷ್ಟ್ರೀಯ ಒಕ್ಕೂಟವಾದ ಐಸಿಎಚ್ ತನ್ನ ಕ್ಯೂ8 ಮಾರ್ಗಸೂಚಿಯಲ್ಲಿ ವಿನ್ಯಾಸ ವಲಯವೆಂಬ ಕಲ್ಪನೆಯನ್ನು ಮುಂದಿಟ್ಟಿದೆ. ಶಾಖ, ಪಿಎಚ್, ಆಮ್ಲಜನಕ ಮುಂತಾದವುಗಳ ಯಾವ ಯಾವ ಜೋಡಣೆಗಳಲ್ಲಿ ಉತ್ಪನ್ನದ ಗುಣ ಕೆಡುವುದಿಲ್ಲವೆಂದು ತಯಾರಕರು ಪ್ರಯೋಗಗಳಿಂದ ಸಾಧಿಸಿ ತೋರಿಸಿ ಒಪ್ಪಿಗೆ ಪಡೆದರೆ, ಆ ವಲಯದೊಳಗೆ ಸ್ವಲ್ಪ ಅತ್ತಿತ್ತ ಸರಿಯುವುದನ್ನು ಬದಲಾವಣೆಯೆಂದು ಪರಿಗಣಿಸಲಾಗುವುದಿಲ್ಲ. ಒಂದೇ ಒಂದು ಶ್ರೇಷ್ಠ ಅಂಕಿಯ ಬೆನ್ನು ಹತ್ತುವುದಕ್ಕಿಂತ, ಗೊತ್ತಾದ ಉದ್ದೇಶಕ್ಕಾಗಿ ಗೊತ್ತಾದ ಕೋಶವು ನಂಬಿಕೆಗೆ ಅರ್ಹವಾಗಿ ನಡೆದುಕೊಳ್ಳುವ ಎಲ್ಲೆಗಳನ್ನು ತಿಳಿದಿಡುವುದೇ ಕೋಶ ಕೃಷಿಯ ಅನುಕೂಲನವೆಂಬ ಅರಿವು ಹೀಗೆ ನಿಯಮದ ರೂಪವನ್ನೂ ಪಡೆದಿದೆ. ಕೋಶ ಬದಲಾದರೆ, ಉತ್ಪನ್ನ ಬದಲಾದರೆ, ತೊಟ್ಟಿಯ ಗಾತ್ರ ಬದಲಾದರೆ ಆ ಎಲ್ಲೆಗಳನ್ನು ಮತ್ತೆ ಅಳೆಯಲೇಬೇಕು.